ಮಲಗುವ ಕೋಣೆಯ ಸೀಲಿಂಗ್‌ನಿಂದ ಗಾರೆ ಉದುರಿದೆ, ಬಣ್ಣ ಹೊಡೆದರೂ ಕಲೆ ವಾಪಸ್ ಬರ್ತಿದೆ. ಎಲ್ಲಿಂದ ಶುರು ಮಾಡಲಿ?

ಮೂಲೆಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು ಎರಡು ಅಂತಸ್ತಿನ ಆರ್‌ಸಿಸಿ ಮನೆ, ಕಟ್ಟಿ 22 ವರ್ಷ ಆಯ್ತು. ಕೆಳಗೆ ಅಮ್ಮ ಮಲಗುವ ಕೋಣೆಯ ಸೀಲಿಂಗ್‌ನಲ್ಲಿ, ಫ್ಯಾನ್‌ನಿಂದ ಒಂದು ಮೊಳ ಆಚೆ, ಎರಡು ವರ್ಷದ ಹಿಂದೆ ತಟ್ಟೆಯಷ್ಟು ಅಗಲದ ಕಂದು ಕಲೆ ಕಾಣಿಸಿತು. ನಡುವೆ ತಿಳಿ, ಅಂಚು ಮಾತ್ರ ಗಾಢ. ಪುಟ್ಟಿ ಹಚ್ಚಿ ಬಣ್ಣ ಹೊಡೆಸಿದೆವು. ಆರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು. ಎರಡನೇ ಸಲ ನೀರು ನಿಲ್ಲಿಸುವ ಬಣ್ಣ ಅಂತ ಹೇಳಿ ಕೋಣೆಯ ಒಳಗಿನಿಂದಲೇ ಎರಡು ಕೋಟ್ ಹೊಡೆದರು. ಆಮೇಲೆ ಕಲೆ ಬರಲಿಲ್ಲ, ಬಣ್ಣ ಗುಳ್ಳೆ ಗುಳ್ಳೆಯಾಗಿ ಉಬ್ಬಿತು. ಸ್ಟೂಲ್ ಹತ್ತಿ ಒಂದು ಗುಳ್ಳೆಯನ್ನು ಉಗುರಿನಿಂದ ಒಡೆದೆ, ತಣ್ಣನೆಯ ನೀರು ಮುಂಗೈ ತನಕ ಇಳಿಯಿತು.

ಈಗ ಅಸಲು ವಿಷಯ. ಮೊನ್ನೆ ರಾತ್ರಿ ಒಂದು ಅಂಗೈ ಅಗಲದ ಗಾರೆ ಮಂಚದ ಕಾಲಿನ ಕಡೆ ಬಿತ್ತು. ಹೊದಿಕೆ ಮೇಲೆ ಬಿದ್ದಿದ್ದರಿಂದ ಅಮ್ಮನಿಗೆ ಏಟಾಗಲಿಲ್ಲ, ಆದರೆ ಆವತ್ತಿನಿಂದ ಅವರಿಗೆ ನಿದ್ದೆ ಬರ್ತಿಲ್ಲ. ನನಗೂ ಇಲ್ಲ. ಬಿದ್ದ ಜಾಗದಲ್ಲಿ ಕಂಬಿ ಕಾಣುತ್ತಿದೆ, ಕೆಂಪಗೆ ಪದರ ಪದರ ಎದ್ದಿದೆ. ಮೇಲೆ ನೇರವಾಗಿ ಬಚ್ಚಲುಮನೆ ಇದೆ, ಅದರ ಪಕ್ಕ ಬಯಲು ತಾರಸಿ. ನೀರು ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ಹಾಲ್‌ನಲ್ಲಿ ಅದೇ ಗೋಡೆಯ ಆಚೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದೆ, ಅದರ ಒಂದು ಹಲಗೆಯೂ ಸ್ವಲ್ಪ ಜೋತುಬಿದ್ದಿದೆ.

ಒಬ್ಬರು ಬಂದು ನೋಡಿ, ಕಂಬಿ ಮೇಲೆ ಸಿಮೆಂಟ್ ಮೆತ್ತಿ ಪುಟ್ಟಿ ಹಾಕಿದರೆ ಎರಡೇ ದಿನದ ಕೆಲಸ ಅಂದರು. ಮಾಡಿಸಲಾ?

ಕರಣೆ ಕೆಲಸ:

ಮೊದಲು ಮಂಚ ಸರಿಸಿ. ಇವತ್ತೇ. ಅಮ್ಮನಿಗೆ ಬೇರೆ ಕೋಣೆಯಲ್ಲಿ ಹಾಸಿಗೆ ಹಾಕಿ, ಈ ಕೋಣೆಯ ಬಾಗಿಲು ಹಾಕಿಡಿ. ಫ್ಯಾನ್, ದೀಪ ಎರಡರ ಎಂಸಿಬಿ, ಅಂದರೆ ಮೀಟರ್ ಬೋರ್ಡ್‌ನಲ್ಲಿ ಕರೆಂಟ್ ಕಡಿಯುವ ಸ್ವಿಚ್, ಇಳಿಸಿ. ಸ್ಲ್ಯಾಬ್ ಒಳಗೆ ವೈರ್ ಹಾಕಿದ ಪೈಪ್ ಇರುತ್ತದಲ್ಲ, ನೀರಿಗೆ ಅದೇ ದಾರಿ ಆಗಿಬಿಡುತ್ತದೆ, ಹರಿದು ಬಂದು ಫ್ಯಾನ್ ಬಾಕ್ಸ್‌ನಲ್ಲಿ ನಿಲ್ಲುತ್ತದೆ. ಇನ್ನೊಂದು, ಫ್ಯಾನ್ ಕೊಕ್ಕೆಯನ್ನು ಇದೇ ಸ್ಲ್ಯಾಬ್‌ನ ಕಂಬಿಗೆ ಸಿಕ್ಕಿಸಿರುತ್ತಾರೆ. ಕಂಬಿ ಈ ಸ್ಥಿತಿಯಲ್ಲಿದ್ದರೆ ಕೊಕ್ಕೆಯನ್ನೂ ನಂಬಬೇಡಿ.

ಎರಡು ದಿನದ ಕೆಲಸ ಬೇಡ. ಯಾಕೆ ಅಂತ ಹೇಳ್ತೀನಿ. ಒಳ್ಳೆಯ ಕಾಂಕ್ರೀಟ್‌ನಲ್ಲಿ ಕ್ಷಾರದ ಗುಣ ಜಾಸ್ತಿ, ಪಿಎಚ್ 12ರಿಂದ 13ರವರೆಗೆ ಇರುತ್ತದೆ. ಆ ಗುಣ ಇರುವ ತನಕ ಒಳಗಿನ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಾನುಗಟ್ಟಲೆ ಒಳಗೆ ಇಳಿದು ಆ ಗುಣವನ್ನು ಕಡಿಮೆ ಮಾಡುತ್ತಾ ಬರುತ್ತದೆ. ಅದರ ಮೇಲೆ ನೀರೂ ಸೇರಿತು ಅಂದರೆ ತುಕ್ಕು ಶುರು. ತುಕ್ಕಾದ ಕಬ್ಬಿಣ ಮೊದಲಿದ್ದ ಜಾಗಕ್ಕಿಂತ ಎರಡು ಪಟ್ಟಿನಿಂದ ಆರು ಪಟ್ಟು ಜಾಗ ಕೇಳುತ್ತದೆ. ಸ್ಲ್ಯಾಬ್‌ನಲ್ಲಿ ಕಂಬಿಯ ಕೆಳಗಿರುವ ಕಾಂಕ್ರೀಟ್ ದಪ್ಪ ಸುಮಾರು 20 ಮಿಲಿಮೀಟರ್ ಅಷ್ಟೇ, ಅದನ್ನು ಒಳಗಿನಿಂದ ತಳ್ಳಿ ತಳ್ಳಿ ಕೆಡವುತ್ತದೆ. ಅಮ್ಮನ ಮಂಚದ ಮೇಲೆ ಬಿದ್ದದ್ದು ಅದೇ. ಆ ತುಕ್ಕಿನ ಮೇಲೆ ಸಿಮೆಂಟ್ ಮೆತ್ತಿದರೆ ತಳ್ಳುವುದು ನಿಲ್ಲುವುದಿಲ್ಲ, ಮುಂದಿನ ಸಲ ಬೀಳುವ ತುಂಡು ಇನ್ನೂ ದೊಡ್ಡದಾಗಿರುತ್ತದೆ.

ಈಗ ಎಷ್ಟು ಜಾಗ ಸಡಿಲ ಆಗಿದೆ ಅಂತ ನೋಡಬೇಕು. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಚುರುಕಾದ ಸದ್ದು, ಬಿಟ್ಟುಕೊಂಡ ಕಡೆ ಬೊದ್ ಬೊದ್ ಅಂತ ಪೊಳ್ಳು ಸದ್ದು. ಪೊಳ್ಳು ಇರುವ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ತಟ್ಟುವ ಜಾಗದ ಕೆಳಗೆ ನೇರ ನಿಲ್ಲಬೇಡಿ, ಪಕ್ಕಕ್ಕೆ ನಿಂತು ತಟ್ಟಿ. ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್ ಇರಲಿ, ದ್ವಿಚಕ್ರದ ಹೆಲ್ಮೆಟ್ ಆದರೂ ಪರವಾಗಿಲ್ಲ. ಕಾಣುವ ಕಲೆಗಿಂತ ಪೊಳ್ಳು ಜಾಗ ಯಾವಾಗಲೂ ಜಾಸ್ತಿ ಇರುತ್ತದೆ, ನೋಡಿ ಹೆದರಬೇಡಿ. ಸ್ಲ್ಯಾಬ್ ನಡುವೆ ಬಾಗಿದ ಹಾಗೆ ಕಂಡರೆ, ಅಥವಾ ಗೋಡೆಯಿಂದ ಗೋಡೆಗೆ ಬಿರುಕು ಹೋಗಿದ್ದರೆ ಮಾತ್ರ ಕೋಣೆ ಖಾಲಿ ಮಾಡಿ ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿ, ನಮ್ಮಂಥ ಗಾರೆಯವರ ಮಾತು ಸಾಲದು.

ಉಳಿದ ಕೆಲಸ ನೀರು ನಿಂತ ಮೇಲೆ ಹೇಳ್ತೀನಿ.

ನೀಲಿ ಛತ್ರಿ:

ಕರಣೆ ಸಾರ್ ಹೇಳಿದ್ದು ಸರಿ. ನೀರು ಎಲ್ಲಿಂದ ಅಂತ ಹುಡುಕುವ ಕೆಲಸ ನಾನು ನಮ್ಮ ಮನೆಯಲ್ಲಿ ಮೂರು ತಿಂಗಳು ಮಾಡಿದ್ದೇನೆ, ತಾರಸಿಗೆ ಎರಡು ಸಲ ಕೋಟಿಂಗ್ ಹಾಕಿಸಿದ ಮೇಲೆ ಗೊತ್ತಾದದ್ದು ಅದು ತಾರಸಿಯ ನೀರೇ ಅಲ್ಲ ಅಂತ. ಆ ತಪ್ಪು ನೀವು ಮಾಡಬಾರದು ಅಂತ ಬರೀತಿದ್ದೀನಿ.

ಒಂದು ಪೆನ್ಸಿಲ್ ತಗೊಳ್ಳಿ. ಒದ್ದೆಯ ಅಂಚಿನ ಸುತ್ತ ಗೆರೆ ಎಳೆದು ದಿನಾಂಕ, ಗಂಟೆ ಅಲ್ಲೇ ಬರೆಯಿರಿ. ದಿನಾ ನೋಡಿ. ಮಳೆ ಬಂದ ಮೇಲೆ ಮಾತ್ರ ಗೆರೆ ದಾಟಿದರೆ ತಾರಸಿ ಅಥವಾ ಹೊರಗೋಡೆ. ಮಳೆ, ಬಿಸಿಲು ಯಾವುದಕ್ಕೂ ಲೆಕ್ಕ ಇಲ್ಲದೆ ಹಗಲು ರಾತ್ರಿ ಒಂದೇ ಸಮ ಒದ್ದೆ ಇದ್ದರೆ ನಲ್ಲಿಗೆ ಬರುವ ಪೈಪ್, ಅದರಲ್ಲಿ ಯಾವಾಗಲೂ ನೀರಿನ ಒತ್ತಡ ಇರುತ್ತದಲ್ಲ. ಸ್ನಾನ ಮಾಡಿದ ಮೇಲೆ ಮಾತ್ರ ಜಾಸ್ತಿ ಆದರೆ ನೀರು ಹೊರಗೆ ಹೋಗುವ ಪೈಪ್ ಅಥವಾ ಬಚ್ಚಲಿನ ನೆಲ.

ಪೈಪ್ ಪರೀಕ್ಷೆಗೆ ಎಲ್ಲರೂ ಮೀಟರ್ ನೋಡಿ ಅಂತಾರೆ. ಎಲ್ಲ ನಲ್ಲಿ ಮುಚ್ಚಿ, ಎರಡು ಗಂಟೆ ಬಿಟ್ಟು ಮೀಟರ್ ಓಡಿದೆಯಾ ಅಂತ ನೋಡೋದು. ಆದರೆ ತಾರಸಿ ಟ್ಯಾಂಕ್‌ನಿಂದ ಇಳಿಯುವ ನೀರಾದರೆ ಮೀಟರ್ ನೋಡಿ ಏನೂ ಪ್ರಯೋಜನ ಇಲ್ಲ. ಟ್ಯಾಂಕ್‌ಗೆ ಬರುವ ನೀರು ನಿಲ್ಲಿಸಿ, ಒಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ರಾತ್ರಿ ಮಲಗುವಾಗಿನಿಂದ ಬೆಳಗ್ಗೆ ತನಕ ಯಾರೂ ನೀರು ಮುಟ್ಟದೆ ಮತ್ತೆ ನೋಡಿ.

ಬಚ್ಚಲಿಗೆ ಎರಡು ಪರೀಕ್ಷೆ, ಎರಡನ್ನೂ ಬೇರೆ ಬೇರೆ ಮಾಡಬೇಕು. ನೆಲದ ಜಾಲರಿಯನ್ನು ಗಟ್ಟಿಯಾಗಿ ಮುಚ್ಚಿ ಎರಡೂವರೆ ಸೆಂಟಿಮೀಟರ್ ನೀರು 24 ಗಂಟೆ ನಿಲ್ಲಿಸಿ, ಕೆಳಗೆ ಗೆರೆ ನೋಡಿ. ಅದು ನೆಲದ ಪರೀಕ್ಷೆ. ಅದು ಪೂರ್ತಿ ಒಣಗಿದ ಮೇಲೆ, ನೆಲ ಒದ್ದೆ ಆಗದ ಹಾಗೆ ಆಲಿಕೆ ಇಟ್ಟು ಬಣ್ಣ ಕಲಸಿದ ನೀರನ್ನು ನೇರ ಜಾಲರಿಯೊಳಗೇ ಸುರಿಯಿರಿ. ಅದು ಪೈಪ್‌ನ ಪರೀಕ್ಷೆ. ಒಂದೇ ದಿನ ಎರಡೂ ಮಾಡಿದರೆ ಯಾವುದರಿಂದ ಸೋರಿತು ಅಂತ ದೇವರಿಗೇ ಗೊತ್ತು.

ಕರಣೆ ಕೆಲಸ:

ನೀಲಿ ಛತ್ರಿಯವರು ಚೆನ್ನಾಗಿ ಹೇಳಿದ್ದಾರೆ. ಒಂದು ಸೇರಿಸ್ತೀನಿ. ಒಂದು ಚದರ ಮೀಟರ್ ಜಾಗದಲ್ಲಿ ಎರಡೂವರೆ ಸೆಂಟಿಮೀಟರ್ ನೀರು ಅಂದರೆ 25 ಕಿಲೋ ಭಾರ. ಕೆಳಗೆ ಕಂಬಿ ಬಿಟ್ಟುಕೊಂಡ ಸ್ಲ್ಯಾಬ್, ಅದಕ್ಕೇ ಅದಕ್ಕಿಂತ ಜಾಸ್ತಿ ನಿಲ್ಲಿಸಬೇಡಿ. ಪರೀಕ್ಷೆ ಮುಗಿಯುವ ತನಕ ಕೆಳಗಿನ ಕೋಣೆಯಲ್ಲಿ ಯಾರೂ ಇರಬಾರದು. ಮತ್ತೆ, ಬಣ್ಣದ ನೀರು ಕಾಂಕ್ರೀಟ್ ದಾಟಿ ಬರುವಾಗ ಬಣ್ಣ ಒಳಗೇ ಉಳಿದುಬಿಡಬಹುದು. ಬಣ್ಣ ಕಾಣಲಿಲ್ಲ ಅಂತ ಪರೀಕ್ಷೆ ಪಾಸ್ ಅಂದುಕೊಳ್ಳಬೇಡಿ, ಪೆನ್ಸಿಲ್ ಗೆರೆ ನೋಡಿ.

ಹೊಸಬಾಗಿಲು:

ಇಷ್ಟೆಲ್ಲ ಬೇಕಾ ಅಂತ ನನ್ನ ಪ್ರಶ್ನೆ. ನಮ್ಮ ಪರಿಚಯದವರ ಮನೆಯಲ್ಲಿ ಕೆಳಗಿನಿಂದಲೇ ಸ್ಲ್ಯಾಬ್‌ಗೆ ತೂತು ಕೊರೆದು, ಒತ್ತಡದಲ್ಲಿ ಕೆಮಿಕಲ್ ತುಂಬಿದರು. ಬಚ್ಚಲಿನ ಒಂದು ಟೈಲೂ ಒಡೆಯಲಿಲ್ಲ, ಸೋರುವುದು ನಿಂತಿತು. ವಯಸ್ಸಾದವರಿರುವ ಮನೆಯಲ್ಲಿ ಮೇಲೆ ಕೆಳಗೆ ಎರಡೂ ಕಡೆ ಒಡೆಯೋದು ಸುಲಭ ಅಲ್ಲ ಅಲ್ವಾ?

ಕರಣೆ ಕೆಲಸ:

ಸುಲಭ ಅಲ್ಲ, ಒಪ್ತೀನಿ. ಕಾಂಕ್ರೀಟ್‌ನಲ್ಲಿ ಒಂದು ಬಿರುಕು ಇದ್ದು ಅದರಿಂದಲೇ ನೀರು ಬರ್ತಿದ್ದರೆ ಆ ವಿಧಾನ ಒಳ್ಳೆಯದೇ, ನಾನೂ ಮಾಡಿದ್ದೇನೆ. ಆದರೆ ಮೇಲೆ ಪೈಪ್ ಜಾಯಿಂಟ್ ಬಿಟ್ಟಿದ್ದರೆ, ದಿನಾ ಬಕೆಟ್‌ಗಟ್ಟಲೆ ನೀರು ಟೈಲ್ ಕೆಳಗಿನ ಮಣ್ಣು, ಜಲ್ಲಿಯಲ್ಲಿ ನಿಂತಿರುತ್ತದೆ. ಕೆಳಗಿನ ದಾರಿ ಮುಚ್ಚಿದರೆ ಅದು ಗೋಡೆಯ ದಾರಿ ಹಿಡಿಯುತ್ತದೆ. ನೀರನ್ನು ಅದು ಬರುವ ಕಡೆಯಿಂದ ತಡೆಯಬೇಕು, ಹೋಗುವ ಕಡೆಯಿಂದ ಅಲ್ಲ. ಮೂಲೆಮನೆಯವರ ಗುಳ್ಳೆ ಆದದ್ದೂ ಇದೇ ಕಾರಣಕ್ಕೆ, ಕೆಳಗೆ ಪೊರೆ ಕಟ್ಟಿದರು, ನೀರು ಪೊರೆ ಹಿಂದೆ ನಿಂತಿತು.

ಮೂಲೆಮನೆ:

ಹನ್ನೊಂದು ದಿನ ಆಯ್ತು, ಹೇಳಿದ್ದೆಲ್ಲ ಮಾಡಿದೆ. ಅಮ್ಮ ಈಗ ನನ್ನ ಕೋಣೆಯಲ್ಲಿ ಮಲಗ್ತಿದ್ದಾರೆ.

ಟ್ಯಾಂಕ್ ಮಟ್ಟ ರಾತ್ರಿಯಿಡೀ ಕದಲಲಿಲ್ಲ. ನಾಲ್ಕು ದಿನ ಮೇಲಿನ ಬಚ್ಚಲು ಬಳಸಲಿಲ್ಲ, ಆ ನಡುವೆ ಒಂದು ಜೋರು ಮಳೆಯೂ ಬಂತು, ಆದರೂ ಒದ್ದೆಯ ಅಂಚು ಪೆನ್ಸಿಲ್ ಗೆರೆಯಿಂದ ಎರಡು ಬೆರಳು ಒಳಗೆ ಸರಿದಿತ್ತು. ಜಾಲರಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿದೆ, ಏನೂ ಆಗಲಿಲ್ಲ. ಮತ್ತೆ ಮೂರು ದಿನ ಬಿಟ್ಟು, ಆಲಿಕೆ ಇಟ್ಟು ಎರಡು ಬಕೆಟ್ ಬಣ್ಣದ ನೀರು ಜಾಲರಿಗೆ ಸುರಿದೆ. ಸ್ಟೂಲ್ ಮೇಲೆ ಟಾರ್ಚ್ ಹಿಡಿದು ಕೂತಿದ್ದೆ. ಸುಮಾರು ಮೂರೂವರೆ ಗಂಟೆಗೆ ಕಂಬಿ ಕಾಣುವ ಜಾಗದಲ್ಲಿ ಹೊಳಪು ಬಂತು, ಆಮೇಲೆ ಒಂದು ಹನಿ ಕಂಬಿಯ ಉದ್ದಕ್ಕೂ ಜಾರಿ ತುದಿಯಲ್ಲಿ ನಿಂತಿತು. ಬಣ್ಣ ಇರಲಿಲ್ಲ. ಗೆರೆ ದಾಟಿತ್ತು.

ತಟ್ಟಿಯೂ ನೋಡಿದೆ. ಕಲೆ ತಟ್ಟೆಯಷ್ಟು, ಪೊಳ್ಳು ಜಾಗ ಒಂದು ಬಾಗಿಲಿನ ಅರ್ಧದಷ್ಟಿದೆ.

ಕರಣೆ ಕೆಲಸ:

ಹಾಗಾದರೆ ಸೋರುತ್ತಿರುವುದು ಜಾಲರಿ ಕೆಳಗಿನ ಟ್ರ್ಯಾಪ್ (ವಾಸನೆ ಬರದ ಹಾಗೆ ಸ್ವಲ್ಪ ನೀರು ಹಿಡಿದಿಡುವ ಬಟ್ಟಲು) ಮತ್ತು ಪೈಪ್ ಸೇರುವ ಜಾಯಿಂಟ್. ಬಚ್ಚಲು ಪೂರ್ತಿ ಒಡೆಯಬೇಡಿ, ಜಾಲರಿ ಸುತ್ತ ಒಂದೂವರೆ ಅಡಿ ಚೌಕ ಬಿಚ್ಚಿಸಿ ನೋಡಿ. ಜಾಯಿಂಟ್ ಹೊಸದು ಹಾಕಿಸಿ. ಅದರ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೈ, ಮೊದಲನೆಯದು ಉದ್ದಕ್ಕೆ ಎಳೆದರೆ ಎರಡನೆಯದು ಅಡ್ಡಕ್ಕೆ. ಜಾಲರಿಯ ಕುತ್ತಿಗೆಗೆ ಬಲೆ ಬಟ್ಟೆ ಕೊಟ್ಟು ಕೋಟಿಂಗ್ ಮಾಡಲಿ, ಸೋರೋದು ಅಲ್ಲೇ. ಹಳೆಯ ಕೋಟಿಂಗ್ ಮೇಲೆ ಕನಿಷ್ಠ 10 ಸೆಂಟಿಮೀಟರ್ ಹತ್ತಿಸಿ ಕೂಡಿಸಬೇಕು. ಟೈಲ್ ಹಾಕುವ ಮೊದಲು ಮತ್ತೆ ಎರಡೂ ಪರೀಕ್ಷೆ.

ಇನ್ನು ಕೆಳಗೆ. ಪೊಳ್ಳು ಇರುವುದನ್ನೆಲ್ಲ ಚಾಣ ಹಾಕಿ ಬಿಡಿಸಬೇಕು, ಗಟ್ಟಿ ಕಾಂಕ್ರೀಟ್ ಸಿಗುವ ತನಕ. ಬಿಡಿಸುವ ಮೊದಲು ಪಕ್ಕದಲ್ಲಿ ಜಾಕ್, ಅಂದರೆ ಸ್ಲ್ಯಾಬ್‌ಗೆ ಆಸರೆಯ ಕಂಬ, ಕೊಟ್ಟು ನಿಲ್ಲಿಸಿರಲಿ. ತುಕ್ಕು ಹಿಡಿದ ಕಂಬಿಯ ಕೆಳಭಾಗ ಮಾತ್ರ ಕಂಡರೆ ಸಾಲದು, ಅದರ ಹಿಂದೆ ಬೆರಳು ಹೋಗುವಷ್ಟು, ಸುಮಾರು 20 ಮಿಲಿಮೀಟರ್ ಬಿಡಿಸಬೇಕು. ಇಲ್ಲಾಂದರೆ ಹಿಂಭಾಗದ ತುಕ್ಕು ಹಾಗೇ ಉಳಿಯುತ್ತದೆ. ತಂತಿ ಬ್ರಶ್‌ನಿಂದ ಕಂಬಿ ಹೊಳೆಯುವ ತನಕ ಉಜ್ಜಿಸಿ. ಆಮೇಲೆ ಕಂಬಿ ಎಷ್ಟು ಉಳಿದಿದೆ ಅಂತ ಅಳೆಯಿರಿ, ಇದನ್ನು ಬಿಡಬೇಡಿ. 8 ಮಿಲಿಮೀಟರ್ ಕಂಬಿ 7 ಆಗಿದ್ದರೆ ಒಂದೇ ಮಿಲಿಮೀಟರ್ ಹೋಯ್ತು ಅನ್ನಿಸುತ್ತದೆ, ಆದರೆ ಅಡ್ಡ ಕತ್ತರಿಸಿದ ಲೆಕ್ಕದಲ್ಲಿ ಶೇಕಡಾ 23ರಷ್ಟು ಕಬ್ಬಿಣ ಹೋಗಿರುತ್ತದೆ. ಅಷ್ಟು ಹೋಗಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕೊಡಬೇಕಾ, ಎಷ್ಟು ಉದ್ದ ಅಂತ ಇಂಜಿನಿಯರ್ ಹೇಳಬೇಕು.

ಆಮೇಲೆ ಕಂಬಿಗೆ ತುಕ್ಕು ತಡೆಯುವ ಪ್ರೈಮರ್, ಹಳೆಯ ಕಾಂಕ್ರೀಟ್‌ಗೆ ಹಿಡಿತದ ಕೋಟ್, ಅದು ಅಂಟು ಅಂಟಾಗಿರುವಾಗಲೇ ಪಾಲಿಮರ್ ಸೇರಿಸಿದ ರಿಪೇರಿ ಗಾರೆ. ತಲೆ ಮೇಲಿನ ಕೆಲಸ, ಒಂದೇ ಸಲಕ್ಕೆ ದಪ್ಪ ಮೆತ್ತಿದರೆ ತನ್ನ ಭಾರಕ್ಕೇ ಜಾರುತ್ತದೆ, 10-12 ಮಿಲಿಮೀಟರ್‌ನಂತೆ ಪದರ ಪದರ ಹಾಕಲಿ. ಚೀಲದ ಮೇಲೆ ಬರೆದಷ್ಟು ದಿನ ಕ್ಯೂರಿಂಗ್, ಅಂದರೆ ಪಸೆ ಆರದ ಹಾಗೆ ನೋಡಿಕೊಂಡು ಗಟ್ಟಿಯಾಗಲು ಬಿಡೋದು.

ಚೌಕಟ್ಟು:

ಹಾಲ್‌ನ ಜಿಪ್ಸಮ್ ಹಲಗೆ ಬಗ್ಗೆ ಯಾರೂ ಹೇಳಲಿಲ್ಲ. ಜೋತುಬಿದ್ದಿದೆ ಅಂದರೆ ಮೇಲೆ ನೀರು ನಿಂತಿರಬಹುದು. ಕರೆಂಟ್ ಇಳಿಸಿ, ಕೆಳಗೆ ಬಕೆಟ್ ಇಟ್ಟು, ಉಬ್ಬಿನ ತಗ್ಗಾದ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಒಂದು ಸಣ್ಣ ತೂತು ಮಾಡಿ. ನೀರು ಇಳಿದುಹೋಗಲಿ, ಹಲಗೆ ಪೂರ್ತಿ ಕಳಚಿ ಬೀಳೋದಕ್ಕಿಂತ ಅದು ವಾಸಿ.

ಜಿಪ್ಸಮ್ ಒಂದು ಸಲ ನೆನೆದು ಮೆತ್ತಗಾದರೆ, ಒಣಗಿದ ಮೇಲೂ ಮೊದಲಿನ ಗಟ್ಟಿತನ ಬರುವುದಿಲ್ಲ. ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತದಾ, ಮೇಲಿನ ಕಾಗದ ಬಿಟ್ಟುಕೊಂಡಿದೆಯಾ ನೋಡಿ. ಹಾಗಿದ್ದರೆ ಆ ಭಾಗವನ್ನು ಲೋಹದ ಪಟ್ಟಿಯ ನಡುಮಧ್ಯಕ್ಕೆ ಬರುವ ಹಾಗೆ ಚೌಕಾಗಿ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಕೂರಿಸಿ. ಅಂಚು ಪಟ್ಟಿ ಮೇಲೆ ಬರದಿದ್ದರೆ ಸ್ಕ್ರೂ ಹಾಕಲು ಜಾಗವೇ ಇರುವುದಿಲ್ಲ. ಜೋಡಿಗೆ ಟೇಪ್, ಅದರ ಮೇಲೆ ಜೋಡಿ ಮುಚ್ಚುವ ಪೇಸ್ಟ್ (ಜಾಯಿಂಟ್ ಕಾಂಪೌಂಡ್) ಮೂರು ತೆಳು ಕೋಟ್, ಪ್ರತಿ ಕೋಟ್ ಒಣಗಿದ ಮೇಲೆ ಸ್ಯಾಂಡ್ ಪೇಪರ್.

ಕತ್ತರಿಸಿದಾಗ ಮೇಲೆ ಕಪ್ಪು ಬೂಷ್ಟು ಕಂಡರೆ ಒಣ ಪೊರಕೆ ಮುಟ್ಟಿಸಬೇಡಿ, ಮನೆಯೆಲ್ಲ ಹರಡುತ್ತದೆ. ಒದ್ದೆಯಾದ ಜಾಗದಲ್ಲಿ 24ರಿಂದ 48 ಗಂಟೆಯಲ್ಲೇ ಬೂಷ್ಟು ಶುರುವಾಗಬಹುದು, ನಿಮ್ಮದು ಎರಡು ವರ್ಷ. ಎನ್-95 ಮಾಸ್ಕ್ ಹಾಕಿಕೊಂಡು, ಆ ತುಂಡನ್ನು ಅಲ್ಲೇ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹೊರಗೆ ಹಾಕಿ. ಅಮ್ಮನನ್ನು ಆ ದಿನ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಹಳೇ ಗೋಡೆ:

ನಾನು ಪೇಂಟ್ ಕೆಲಸ ಮಾಡೋದು. ಒಂದೇ ಮಾತು ಕೇಳಿಕೊಳ್ತೀನಿ, ಬಣ್ಣಕ್ಕೆ ಅವಸರ ಮಾಡಬೇಡಿ. ಕೈ ಇಟ್ಟರೆ ಒಣಗಿದ ಹಾಗಿರುತ್ತದೆ, ಸ್ಲ್ಯಾಬ್ ಒಳಗೆ ಒಣಗಿರುವುದಿಲ್ಲ. 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸೀಲಿಂಗ್‌ಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ, ಗಾಳಿ ಆಡಬಾರದು. ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಅಲ್ಲಿನ ಗಾರೆ ಕಪ್ಪಾಗಿದ್ದರೆ ಇನ್ನೂ ನೀರಿನ ಪಸೆ ಇದೆ, ಕಾಯಿರಿ.

ಗಾರೆ ಮೇಲೆ ಬಿಳಿ ಪುಡಿ ಬಂದರೆ ಅದು ಸಿಮೆಂಟ್‌ನ ಸುಣ್ಣ, ನೀರಿನ ಜೊತೆ ಬಂದು ಗಾಳಿಗೆ ಗಟ್ಟಿಯಾದದ್ದು. ಒಣ ಬ್ರಶ್‌ನಿಂದ ಉಜ್ಜಿ ತೆಗೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಒಳಗೇ ಇಳಿಯುತ್ತದೆ. ಬೂಷ್ಟಿಗೆ ಒಣ ಬ್ರಶ್ ಬೇಡ, ಸುಣ್ಣಕ್ಕೆ ಒಣ ಬ್ರಶ್ಶೇ ಬೇಕು, ಅದಲು ಬದಲು ಮಾಡಬೇಡಿ. ಹಾಲ್‌ನಲ್ಲಿ ಹಳೆಯ ಹಲಗೆಯ ಮೇಲೆ ಕಂದು ಕಲೆ ಉಳಿದಿದ್ದರೆ ನೀರಿನ ಬಣ್ಣ ನೇರ ಹೊಡೆಯಬೇಡಿ. ಕಲೆ ನೀರಿನಲ್ಲಿ ಕರಗಿ ಮೇಲೆ ಬರುತ್ತದೆ, ಎಷ್ಟು ಕೋಟ್ ಹೊಡೆದರೂ ಅಷ್ಟೇ. ಎಣ್ಣೆ ಆಧಾರದ ಕಲೆ ತಡೆಯುವ ಪ್ರೈಮರ್ ಒಂದು ಕೋಟ್ ಮೊದಲು.

ಮೂಲೆಮನೆ:

ಎರಡು ತಿಂಗಳ ಮೇಲೆ ಬರೀತಿದ್ದೀನಿ, ತಡ ಆಯ್ತು, ಕ್ಷಮಿಸಿ.

ಜಾಲರಿ ಬಿಚ್ಚಿದಾಗ ಪ್ಲಂಬರ್ ನನ್ನನ್ನೇ ಕರೆದು ತೋರಿಸಿದರು. ಟ್ರ್ಯಾಪ್ ಮತ್ತು ಪೈಪ್ ಮಧ್ಯೆ ಬರೀ ಸಿಮೆಂಟ್ ಮೆತ್ತಿದ್ದರು, ಅದು ಬಳೆಯ ಹಾಗೆ ಸುತ್ತಲೂ ಬಿರುಕು ಬಿಟ್ಟು ಕೈಗೇ ಬಂತು. ಸುತ್ತಲಿನ ಜಲ್ಲಿ ಕೆಸರಾಗಿತ್ತು, ಬಚ್ಚಲು ಬಳಸದೆ ಮೂರು ವಾರ ಆಗಿದ್ದರೂ. ಹೊಸ ಜಾಯಿಂಟ್, ಕೋಟಿಂಗ್, ಎರಡೂ ಪರೀಕ್ಷೆ ಆಯ್ತು. ಈ ಸಲ ಐದು ಬಕೆಟ್ ಸುರಿದು ಮಾರನೇ ದಿನದ ತನಕ ಕಾದೆ, ಗೆರೆ ದಾಟಲಿಲ್ಲ.

ಕೆಳಗೆ ಬಿಡಿಸಿದಾಗ ಐದು ಕಂಬಿ ಕಂಡವು. ಮೂರು ಚೆನ್ನಾಗಿದ್ದವು, ಒಂದು 7.5, ಒಂದು 6.5 ಮಿಲಿಮೀಟರ್. ಕರಣೆ ಸಾರ್ ಹೇಳಿದ ಲೆಕ್ಕ ಹಾಕಿದರೆ 6.5ರದ್ದು ಮೂರರಲ್ಲಿ ಒಂದು ಪಾಲು ಹೋಗಿತ್ತು. ಇಂಜಿನಿಯರ್ ಬಂದು ನೋಡಿ ಅದರ ಪಕ್ಕ ಹೊಸ ಕಂಬಿ ಕೊಡಿಸಿದರು. ನೀವು ಹೇಳದಿದ್ದರೆ ಅಳೆಯಬೇಕು ಅಂತಲೇ ನನಗೆ ಹೊಳೀತಿರಲಿಲ್ಲ, ಅದೇ ಎರಡು ದಿನದ ಕೆಲಸ ಮಾಡಿಸಿ ಅಮ್ಮನನ್ನು ಮತ್ತೆ ಅದರ ಕೆಳಗೆ ಮಲಗಿಸ್ತಿದ್ದೆ.

ಪ್ಲಾಸ್ಟಿಕ್ ಹಾಳೆ ಮೊದಲ ಸಲ ಹಾಕಿದಾಗ ಒಳಗೆ ಹನಿ ಸಾಲು ಸಾಲಾಗಿತ್ತು. ಮೂರು ವಾರ ಬಿಟ್ಟು ಮತ್ತೆ ಹಾಕಿದಾಗ ಮೂಲೆಯಲ್ಲಿ ಸ್ವಲ್ಪ. ನಿನ್ನೆ ತೆಗೆದಾಗ ಪೂರ್ತಿ ಒಣ. ನಾಳೆ ಪ್ರೈಮರ್. ಹಳೆಯ ಫ್ಯಾನ್ ಕೊಕ್ಕೆ ಅರ್ಧ ತಿಂದುಹೋಗಿತ್ತು, ಅದನ್ನು ಬಿಟ್ಟು ಗಟ್ಟಿ ಕಾಂಕ್ರೀಟ್ ಇರುವ ಕಡೆ ಹೊಸದು ಹಾಕಬೇಕು ಅಂದಿದ್ದಾರೆ. ಬಣ್ಣಕ್ಕೆ ಮೊದಲೇ ಹಾಕಿಸಲಾ, ಆಮೇಲಾ?

ಕರಣೆ ಕೆಲಸ:

ಮೊದಲೇ ಹಾಕಿಸಿ. ಕೊರೆಯುವಾಗ ಹೊಸ ಗಾರೆಯ ಭಾಗದಿಂದ ಒಂದು ಅಡಿಯಾದರೂ ಆಚೆ ಇರಲಿ, ಕಂಬಿಗೆ ಡ್ರಿಲ್ ತಾಗಬಾರದು. ಕೊಕ್ಕೆ ಕೂರಿಸಿದ ಮೇಲೆ ಫ್ಯಾನ್ ಹಾಕುವ ಮೊದಲು ಅದಕ್ಕಿಂತ ಜಾಸ್ತಿ ಭಾರದ ಮರಳು ಚೀಲ ಒಂದು ದಿನ ತೂಗುಬಿಟ್ಟು ನೋಡಿ, ಕೆಳಗೆ ಯಾರೂ ಓಡಾಡದ ಹಾಗೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.